ಅಡಿಗೆಮನೆಯಲ್ಲಿ ನನ್ನ ದನಿ

ಅವತ್ತು ಅಡಿಗೆಮನೆಯಿಂದ ಕೂಗಿದ್ದು ನನ್ನ ದನಿ. ಕೂಗಿದವಳು ನಾನಲ್ಲ. ನಡೆದದ್ದು ಇಷ್ಟೇ.

ಇಂಥದ್ದನ್ನೆಲ್ಲ ನಂಬಿದವಳಲ್ಲ ನಾನು. ಸುಡುಗಾಡಿನ ಪಕ್ಕದ ದಾರಿಯಲ್ಲಿ ಹೊಲಕ್ಕೆ ಬುತ್ತಿ ಹೊತ್ತು ನಲವತ್ತು ವರ್ಷ ಓಡಾಡಿದ್ದೇನೆ, ಯಾರೂ ನನ್ನನ್ನು ಮಾತಾಡಿಸಲಿಲ್ಲ. ಗಾಳಿ ಸೋಕಿದೆ ಎಂದು ಅಳುತ್ತಾ ಬಂದವರಿಗೆ ಹೊಟ್ಟೆ ತುಂಬ ಉಂಡು ಮಲಗಿರಿ ಎಂದು ಬೈದು ಕಳಿಸಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಬಣ್ಣ ಹಚ್ಚಿ ಬರೆಯಲು ನನಗೆ ಬರುವುದೂ ಇಲ್ಲ.

ಎರಡು ವರ್ಷದ ಹಿಂದಿನ ಮಾತು. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೊಮ್ಮಗಳು ವಿಜಯಾ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಅಂಗಡಿ, ಕಾಲೇಜುಗಳ ವೆಬ್‌ಸೈಟುಗಳನ್ನು ಎಲ್ಲೋ ದೂರದ ಬಾಡಿಗೆ ಸರ್ವರಿನಲ್ಲಿಟ್ಟು ನೋಡಿಕೊಳ್ಳುವುದು ಅವಳ ದಂಧೆ. ಅವನ್ನೆಲ್ಲ ಒಂದೇ ಕಡೆಯಿಂದ ನಡೆಸುವುದಕ್ಕೆ ಕಂಟ್ರೋಲ್ ಪ್ಯಾನೆಲ್ ಎಂಬುದೊಂದಿದೆ. ಇಡೀ ಓಣಿಯ ಬೀಗದಕೈ ಗೊಂಚಲು ಒಬ್ಬರ ಸೊಂಟದಲ್ಲಿದ್ದ ಹಾಗೆ ಎಂದು ನಾನು ತಿಳಿದುಕೊಂಡಿದ್ದೇನೆ.

ಮುಂಗಾರು ಹತ್ತಿರ ಬಂದಿತ್ತು. ಹೆಣ್ಣುಮಕ್ಕಳ ಕಾಲೇಜೊಂದರ ಪ್ರವೇಶದ ಅರ್ಜಿಗಳೆಲ್ಲ ಆ ಸರ್ವರಿನಲ್ಲೇ ಇದ್ದವು. ಮರುದಿನ ಪಟ್ಟಿ ತೆಗೆಯಬೇಕು. ತೆಲಿಗಿ, ಹಲವಾಗಲು ಕಡೆಯ ಹುಡುಗಿಯರೂ ಬಸ್ಸು ಹತ್ತಿ ಬಂದು ಅರ್ಜಿ ತುಂಬಿಸಿ ಹೋಗಿದ್ದರು. ಅರ್ಜಿ ಕಳೆದರೆ ಅವರ ಸೀಟೂ ಹೋದಂತೆ. ಅವತ್ತು ಬೆಳಿಗ್ಗೆಯೇ ಪ್ಯಾನೆಲ್ ಮಾಡಿದವರಿಂದ ಸೂಚನೆ ಬಂತು. ಹಳೆಯದರಲ್ಲಿ ಕಳ್ಳರು ನುಗ್ಗುವಂಥ ಕಿಂಡಿ ಇದೆ, ತಡಮಾಡದೆ ಅಪ್‌ಡೇಟ್ ಮಾಡಿಕೊಳ್ಳಿ ಎಂದು. ಬಿಟ್ಟರೆ ಕಳ್ಳರ ಭಯ, ಕೈ ಹಾಕಿದರೆ ಎಲ್ಲ ಕೆಡುವ ಭಯ. ವಿಜಯಾ ಆಗಿನಿಂದ ಒಂದು ರೊಟ್ಟಿಯನ್ನೂ ತಿಂದಿರಲಿಲ್ಲ.

ನಾನು ಅವಳ ಬೆನ್ನ ಹಿಂದೆ ತಲೆಬಾಗಿಲ ಹೊಸ್ತಿಲ ಹತ್ತಿರ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದೆ. ಹೋದ ವರ್ಷ ಎತ್ತಿಟ್ಟ ಬೀಜ. ನೋಡಲು ದುಂಡಗಿತ್ತು, ನನಗೆ ಅಷ್ಟು ಸಾಕಾಗಿತ್ತು.

"ಏನರ ಹೆಚ್ಚುಕಮ್ಮಿ ಆದ್ರ ಏನ್ ಮಾಡ್ತೀಯವ್ವ?" ಎಂದೆ.

"ಎಲ್ಲಾದರದೂ ಬ್ಯಾಕಪ್ ತಗದೀನಿ ಅಜ್ಜಿ. ಇನ್ನೊಂದು ಪ್ರತಿ ಇದ್ದಂಗ."

"ಎಲ್ಲಿಟ್ಟೀ?"

"ಅದೇ ಸರ್ವರಿನ್ಯಾಗ."

"ಸುಡೋ ಮನ್ಯಾಗ ಬೀಜದ ಚೀಲ ಇಟ್ಟಂಗಾತು."

"ನೀ ಸುಮ್ನ ಶೇಂಗಾ ಸುಲಿ, ನನ್ನ ತೆಲಿ ಸುಲಿಬ್ಯಾಡ" ಎಂದಳು. ನಾನು ಇನ್ನೊಂದು ಹಿಡಿ ಕಾಯಿ ಮೊರಕ್ಕೆ ಹಾಕಿಕೊಂಡೆ. ಅವಳ ಬೆರಳು ಮೌಸಿನ ಮೇಲಿತ್ತು. ಒಂದು ಸಲ ಒತ್ತಿದರೆ ಅಪ್‌ಡೇಟ್ ಶುರು, ನಡುವೆ ನಿಲ್ಲಿಸುವ ಹಾಗಿಲ್ಲ.

ಆಗ ಅಡಿಗೆಮನೆಯಿಂದ ದನಿ ಬಂತು. "ಲೇ, ಮೊಳಕಿ ಕಟ್ಟಿ ನೋಡೀಯೇನು?"

ವಿಜಯಾ ಅಡಿಗೆಮನೆಯ ಕಡೆ ತಿರುಗಿ, "ಯಾವ ಮೊಳಕಿ ಅಜ್ಜಿ? ಬ್ಯಾಕಪ್ ಮುಗದೈತಿ ಅಂತ ಇಲ್ಲೇ ಬರದೈತಿ" ಎಂದಳು. ಅಷ್ಟರಲ್ಲಿ ನನ್ನ ಕೈಯ ಮೊರ ಜಾರಿ ಸಪ್ಪಳವಾಯಿತು. ತಿರುಗಿ ನನ್ನನ್ನು ನೋಡಿದಳು.

"ನೀ ಇಲ್ಲೇ ಅದೀ?"

"ಇಲ್ಲೇ ಅದೀನಿ."

"ಮತ್ತ ಒಳಗ ಯಾರು?"

ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು, ಬೆಳಿಗ್ಗೆ ನಾನೇ ಹಾಕಿದ್ದು. ಪಕ್ಕದ ಮನೆಯವರು ಹಡಗಲಿಗೆ ಹೋಗಿ ಎರಡು ದಿನವಾಗಿತ್ತು. ದನಿ ನನ್ನದೇ, ಆ ಗೊಗ್ಗರು ಕೂಡ ನನ್ನದೇ. ಅದನ್ನು ಹೊರಗಿನಿಂದ ಕೇಳುವುದು ಎಂಥದ್ದೆಂದು ಹೇಳಲು ನನಗೆ ಮಾತು ಸಿಗುವುದಿಲ್ಲ.

ಮೊಳಕೆ ಕಟ್ಟುವುದು ಎಂದರೆ ಬಿತ್ತುವ ಮೊದಲು ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ನಾಲ್ಕಾರು ದಿನದಲ್ಲಿ ಮೊಳೆತರೆ ಅದು ಬೀಜ, ಇಲ್ಲದಿದ್ದರೆ ಬರೀ ಕಾಳು. ವಿಜಯಾ ಚಿಕ್ಕವಳಿದ್ದಾಗಿನಿಂದ ನೋಡಿದ್ದಾಳೆ. ಅವಳು ಮೌಸಿನಿಂದ ಕೈ ತೆಗೆದಳು. ಇನ್ನೊಂದು ಖಾಲಿ ಸರ್ವರ್ ಬಾಡಿಗೆಗೆ ಹಿಡಿದು, ಆ ಬ್ಯಾಕಪ್ಪನ್ನು ಅಲ್ಲಿ ಬಿಚ್ಚಿ ನೋಡಿದಳು. ವೆಬ್‌ಸೈಟಿನ ಚಿತ್ರಗಳೆಲ್ಲ ಬಂದವು. ಅರ್ಜಿಗಳು ಒಂದೂ ಬರಲಿಲ್ಲ. ಸರ್ವರಿನಲ್ಲಿ ಜಾಗ ತುಂಬಿ ಬ್ಯಾಕಪ್ ಅರ್ಧಕ್ಕೇ ನಿಂತಿತ್ತಂತೆ. ಮುಗಿದಿದೆ ಎಂದು ಪ್ಯಾನೆಲ್ ಸುಳ್ಳು ಬರೆದಿತ್ತು.

ಬೇಡದ್ದನ್ನು ಅಳಿಸಿ ಜಾಗ ಮಾಡಿ, ಮತ್ತೆ ಬ್ಯಾಕಪ್ ತೆಗೆದು, ಮತ್ತೆ ಬೇರೆ ಕಡೆ ಬಿಚ್ಚಿ ನೋಡಿದಳು. ಅರ್ಜಿಗಳು ಪೂರ್ತಿ ಬಂದ ಮೇಲೆ ಒಂದು ಪ್ರತಿಯನ್ನು ಮನೆಯ ಡಿಸ್ಕಿಗೂ ಇಳಿಸಿಕೊಂಡಳು. ಆಮೇಲೆ ಅಪ್‌ಡೇಟ್ ಒತ್ತಿದಳು. ಅದು ನಡುದಾರಿಯಲ್ಲಿ ಕೆಟ್ಟು ನಿಂತಿತು, ಪ್ಯಾನೆಲ್ ಮೇಲೇಳಲೇ ಇಲ್ಲ. ಡಿಸ್ಕಿನಲ್ಲಿದ್ದ ಪ್ರತಿಯಿಂದ ಹೊಸ ಸರ್ವರಿನಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿ ನಿಲ್ಲಿಸುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು. ಒಬ್ಬ ಹುಡುಗಿಯ ಅರ್ಜಿಯೂ ತಪ್ಪಲಿಲ್ಲ.

"ಅಜ್ಜಿ, ಅದು ಯಾರು?" ಎಂದು ಊಟಕ್ಕೆ ಕೂತಾಗ ಕೇಳಿದಳು. ನನಗೇನು ಗೊತ್ತು. ಈಗಲೂ ಗೊತ್ತಿಲ್ಲ. ಆ ಮಾತು ತನಗೇ ಹೇಳಿದ್ದು ಎಂದು ಅವಳು ನಂಬಿದ್ದಾಳೆ, ನಾನು ತಿದ್ದಲು ಹೋಗಿಲ್ಲ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದೆ. ಹಳೇ ಸೀರೆಯ ತುಂಡೊಂದನ್ನು ನೀರಲ್ಲಿ ಅದ್ದಿ, ನನ್ನ ಶೇಂಗಾ ಬೀಜ ಒಂದು ಹಿಡಿ ಅದರಲ್ಲಿ ಕಟ್ಟಿ, ಅಡಿಗೆಮನೆಯ ಮೂಲೆಯಲ್ಲಿಟ್ಟೆ.