ಬೈಗುಳವಿಲ್ಲದ ಕಾರ್ನಿಶ್

ನನಗೆ ಕೋಪ ಬಂದಿದೆ. ಆ ಕೋಪವನ್ನು ಕಾರ್ನಿಶ್ ಭಾಷೆಯಲ್ಲಿ ತೋರಿಸಲು ಬರುತ್ತಿಲ್ಲವೆಂಬುದು ಇನ್ನೂ ದೊಡ್ಡ ಕೋಪ. ಆರು ತಿಂಗಳಿಂದ ಪ್ರತಿ ಶನಿವಾರ ಕಲಿಯುತ್ತಿದ್ದೇನೆ. ಕ್ಯಾಸೆಟ್ಟಿನ ಮಹಾತಾಯಿ ಶುಭೋದಯ ಹೇಳಿಸುತ್ತಾಳೆ, ಬೆಕ್ಕಿನ ಬಣ್ಣ ಕೇಳುತ್ತಾಳೆ. ಒಂದೇ ಒಂದು ಬೈಗುಳ ಕಲಿಸಿಲ್ಲ.

ನನ್ನನ್ನು ಈ ಗುಂಡಿಗೆ ತಳ್ಳಿದವರು ಅಮೆರಿಕದ ವಾರೆನ್ ಊರಿನಲ್ಲಿ ನಮ್ಮ ಎದುರುಮನೆಯ ಟಾಮ್. ಕಾರು ಕಂಪನಿಯಿಂದ ರಿಟೈರ್ ಆದ ಮೇಲೆ ಅವರಿಗೆ ಮುತ್ತಜ್ಜ ನೆನಪಾದರು. ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್‌ನಿಂದ ಮಿಷಿಗನ್ನಿನ ತಾಮ್ರದ ಗಣಿಗೆ ಬಂದ ವಂಶ. ಕಾರ್ನ್‌ವಾಲ್‌ನ ಈ ಕಾರ್ನಿಶ್ ಭಾಷೆ ಎಂದೋ ಮನೆಗಳಿಂದ ಮರೆಯಾಗಿ, ಈಗ ಪುಸ್ತಕಗಳಿಂದ ಎದ್ದು ಬರುತ್ತಿದೆ. ಸಾಯುವ ಮೊದಲು ಒಬ್ಬರಾದರೂ ತಮಗೆ ಆ ಭಾಷೆಯಲ್ಲಿ ಉತ್ತರ ಕೊಡಬೇಕು ಎಂಬುದು ಟಾಮ್ ಆಸೆ. ಇಂಡಿಯಾದವರಿಗೆ ನಾಲ್ಕು ಭಾಷೆ ಬರುತ್ತದಲ್ಲ, ಐದನೆಯದೇನು ಮಹಾ ಎಂದು ನನ್ನನ್ನು ಹಿಡಿದರು.

ಮಹಾ ಹೌದು. ಎರಡು ಪುಸ್ತಕ ತಂದರೆ ಒಂದರ ಕಾಗುಣಿತ ಇನ್ನೊಂದಕ್ಕೆ ಆಗದು. ಕನ್ನಡದ ಪದಕ್ಕೆ ಬಾಲ ಬೆಳೆಯುತ್ತದೆ. ಇಲ್ಲಿ ತಲೆಯೇ ಬದಲಾಗುತ್ತದೆ. ಅಪ್ಪ ಎಂದರೆ ‘ತಾಸ್’, ಅವನ ಅಪ್ಪ ಎನ್ನುವಾಗ ‘ದಾಸ್’. ನಿಘಂಟಿನಲ್ಲಿ ಅಪ್ಪನನ್ನು ಹುಡುಕಿ ಸಾಕಾಗಿ ಪುಸ್ತಕ ಎಸೆದಿದ್ದೇನೆ.

ಮೊನ್ನೆ ಶನಿವಾರ ಟಾಮ್ ಬಾಗಿಲು ತೆರೆದವರೇ, ಪುಸ್ತಕ ನೋಡದೆ, ಹೇಗಿದ್ದೀ ಎಂದು ಕಾರ್ನಿಶ್‌ನಲ್ಲಿ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆದರೂ ಚೆನ್ನಾಗಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎದುರಿನವರಿಗೆ ಯಾಕೆ ಕಷ್ಟವೆಂದು ಅವರ ಭಾಷೆಗೆ ಜಾರುವ ನಮ್ಮ ಕನ್ನಡಿಗರ ಹಾಳು ಸೌಜನ್ಯ! ಬೆಂಗಳೂರಿನಲ್ಲಿ ತರಕಾರಿಯವಳ ಜೊತೆ ತಮಿಳು, ಬಟ್ಟೆ ಅಂಗಡಿಯಲ್ಲಿ ಹಿಂದಿ ಆಡಿ ಬೆಳೆದ ನಾಲಿಗೆ ಇದು. ಟಾಮ್ ಪಾಠ ಮುಗಿಯಿತೆಂಬಂತೆ ಕ್ಯಾಸೆಟ್ ತೆಗೆದು ಡಬ್ಬಿಗೆ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು, ಹೋಂವರ್ಕ್ ಮಾಡುತ್ತಿದ್ದ ಎಂಟು ವರ್ಷದ ಮಗಳು ನೇಹಾಳನ್ನು ಊಟ ಆಯಿತೇ ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಉತ್ತರ ಬಂತು. ಎಂದಿನಂತೆ ನಾನೂ ಇಂಗ್ಲಿಷಿಗೆ ಇಳಿಯಲು ಬಾಯಿ ತೆರೆದವನು ನಿಂತೆ. ಇವಳ ಕನ್ನಡ ಕಿತ್ತುಕೊಂಡದ್ದು ಅಮೆರಿಕವಲ್ಲ, ನಾನು. ನನ್ನ ಮೇಲಿನ ಸಿಟ್ಟಿನಲ್ಲೇ, ಏನು ತಿಂದೆ, ಸಾರು ಹೇಗಿತ್ತು, ಎಷ್ಟು ಬಿಟ್ಟೆ ಎಂದು ಕನ್ನಡದಲ್ಲೇ ಕೇಳುತ್ತಾ ಹೋದೆ. ಅವಳು ಪೆನ್ಸಿಲ್ ಕುಕ್ಕಿದಳು.

“ಸಾಕು ಬಿಡಪ್ಪ, ತಲೆ ತಿನ್ಬೇಡ.”

ಅವಳಮ್ಮ ನನಗೆ ದಿನವೂ ಹೇಳುವ ಮಾತು, ಅದೇ ರಾಗ. ಯಾವ ಕ್ಯಾಸೆಟ್ಟೂ ಕಲಿಸಿದ್ದಲ್ಲ. ಬಾಕಿ ಉಳಿಸಿಕೊಂಡಿದ್ದ ಉತ್ತರ ನೆನಪಾಗಿ ಟಾಮ್‌ಗೆ ಫೋನ್ ಮಾಡಿ, ಚೆನ್ನಾಗಿದ್ದೇನೆ ಎಂದು ಕಾರ್ನಿಶ್‌ನಲ್ಲಿ ಹೇಳಿದೆ. ಆ ಕಡೆ ಡಬ್ಬಿ ತೆರೆದು ಕ್ಯಾಸೆಟ್ ಹಾಕಿದ ಸದ್ದು ಕೇಳಿಸಿತು. ಆಮೇಲೆ ಕನ್ನಡದಲ್ಲಿ ಇನ್ನಷ್ಟು ಬೈಸಿಕೊಳ್ಳಲು ಕುರ್ಚಿ ಎಳೆದುಕೊಂಡು ಮಗಳ ಎದುರು ಕೂತೆ.