ಮಷೀನಿದ್ದ ಜಾಗಾ

ಖಾಲಿ ಪಡಸಾಲಿ ಕಂಡ್ರ ನನಗ ಈಗೂ ಎದಿ ಧಸಕ್ ಅಂತೈತಿ. ಯಾರದರ ಹೊಸಾ ಮನಿ ನೋಡಾಕ ಹೋದ್ರ, ಅವರು ಎಷ್ಟು ಮೋಕಳಾ, ಅಗಲ ಐತಿ ನೋಡ್ರಿ ಟೀಚರ ಅಂತ ಹೊಳೆಯೋ ಫರ್ಸಿ ತೋರಸ್ತಾರ. ನಾ ಮಾತ್ರ ಗ್ವಾಡಿ ಎಷ್ಟು ದೂರ ಐತಿ, ನಡುವ ಕೈಗೆ ಏನು ಸಿಗತೈತಿ ಅಂತ ನೋಡ್ಕೋತ ನಿಂದರ್ತೀನಿ. ಈ ಅಂಜಿಕಿ ಯಾರೂ ಹಚ್ಚಿದ್ದಲ್ಲ, ನಾನ ಕೈಯಾರೆ ತಂದುಕೊಂಡಿದ್ದು.

ಜಲನಗರದಾಗಿನ ಮನಿ ಅವ್ವಂದು. ಗಂಡನ ಮನಿ ಬಿಟ್ಟು ಒಂದು ಬ್ಯಾಗು ಹಿಡಕೊಂಡು ನಾ ಬಂದ ದಿನ, ಯಾಕ ಬಂದಿ ಅಂತ ಒಂದು ಮಾತು ಕೇಳಲಾರ್ದ ಒಳಗ ಕರಕೊಂಡಾಕಿ ಆಕಿ. ಅಪ್ಪ ಆಗಲೇ ತೀರಿದ್ದ. ಹನ್ನೆರಡು ವರ್ಷದಿಂದ ನಾವಿಬ್ಬರ ಅದೀವಿ. ನನಗ ಹತ್ತಿರದ ಸಾಲಿಯೊಳಗ ನೌಕರಿ, ಆಕಿಗೆ ಮನಿ ಮತ್ತ ಮನ್ಯಾಗಿನ ಸಾಮಾನು. ಪಡಸಾಲ್ಯಾಗ ಆಕಿ ಮಲಗೋ ಹೊರಸು, ಅದರ ಮಗ್ಗಲಕ ಅಪ್ಪನ ಊರು ಬಿಜ್ಜರಗಿಯಿಂದ ತಂದ ಕಬ್ಬಿಣದ ಟ್ರಂಕು, ಟ್ರಂಕಿನ ಮುಂದ ಎರಡು ಜ್ವಾಳದ ಚೀಲ, ಹಿತ್ತಲ ಕಡೆ ಹೊಳ್ಳೂ ತಿರುವಿನ್ಯಾಗ ಕಾಲಿಲೆ ತುಳಿಯೋ ಹೊಲಿಗಿ ಮಷೀನು, ಅದನ್ನ ದಾಟಿದ್ರ ಬೀಸುಕಲ್ಲು, ಅದರಾಚೆ ಹಿತ್ತಲ ಬಾಗಲ. ಸಂಡಾಸ ಹಿತ್ತಲದಾಗ. ನಡದಾಡಾಕ ಒಬ್ಬರಿಗೆ ಸಾಲೂವಷ್ಟ ಜಾಗಾ.

ದಿನಾ ಒಂದರ ಸಾಮಾನಿಗೆ ನನ್ನ ಕಾಲಬಟ್ಟು ಎಡವೂದು, ನಾ ಒದರ್ಯಾಡೂದು ಇದ್ದದ್ದ. ನನ್ನ ಸಿಟ್ಟು ಯಾವಾಗ್ಲೂ ಮೂಗಿನ ತುದಿ ಮ್ಯಾಗ. ಆದ್ರ ಅವ್ವ ಟ್ರಂಕು ಒಂದು ಗೇಣು ಸರಸಾಕ ಬಿಡ್ತಿರ್ಲಿಲ್ಲ. ಮಷೀನಿನ ಮ್ಯಾಗ ಆಕಿ ಒಂದು ಹೊಲಿಗಿ ಹಾಕಿದ್ದು ನೋಡಿ ವರ್ಷಾನುಗಟ್ಲೆ ಆಗಿತ್ತು. ಯಾಕ ಬೇಕಬೇ ಇದು ಅಂತ ಕೇಳಿದ್ರ, ಇದ್ದಲ್ಲೇ ಇರ್ಲಿ ಬಿಡು ಅಂತಿದ್ಲು.

ಆಗ ನನಗ ಮೊಬೈಲಿನ ಒಂದು ಹುಚ್ಚು ಹತ್ತಿತ್ತು. ಅದರಾಗ ಒಬ್ಬಾಕಿ ಬಿಳೆ ಗ್ವಾಡಿ, ಬಿಳೆ ಪಡದಾದ ನಡುವ ನಿಂತು, ಒಂದು ವರ್ಷ ನೀವು ಮುಟ್ಟಲಾರದ ಸಾಮಾನು ನಿಮಗ ಬೇಕಾಗಿಲ್ಲ, ಮನಿಯಿಂದ ಹೊರಗ ಹಾಕ್ರಿ, ಮನಸ್ಸು ಹಗುರಾಗತೈತಿ ಅಂತ ಹೇಳ್ತಿದ್ಲು. ನನ್ನ ಮನಸ್ಸಿನ ಭಾರ ಎಲ್ಲಾ ಆ ಟ್ರಂಕಿನ್ಯಾಗ, ಆ ಮಷೀನಿನ್ಯಾಗ ಐತಿ ಅಂತ ನಾ ನಂಬಿಬಿಟ್ಟೆ.

ಬ್ಯಾಸಗಿಯೊಳಗ ಅಕ್ಕ ಬಂದು ಅವ್ವನ್ನ ಎಂಟು ದಿನಕ್ಕ ಟಿಕೋಟಾಕ ಕರಕೊಂಡು ಹೋದ್ಲು. ಅಕ್ಕನ ಮನ್ಯಾಗ ಒಣದ್ರಾಕ್ಷಿ ಆರಸೂ ಕೆಲಸ ನಡದಿತ್ತು. ಕಡ್ಡಿ ಬ್ಯಾರೆ, ಕಾಯಿ ಬ್ಯಾರೆ ಮಾಡೂದರಾಗ ಅವ್ವನ ಬಟ್ಟು ಭಾಳ ಚುರುಕು, ಟಿ.ವಿ. ಕಡೆ ಮಾರಿ ಮಾಡಿ ಕುಂತು ಕೈಲೇ ಆರಸ್ತಾಳ ಅಂತ ಅಕ್ಕ ಫೋನಿನ್ಯಾಗ ಹೊಗಳಿದ್ಲು. ಮೊಮ್ಮಗಳು ಅಜ್ಜಿ ಕೈ ಬಿಡೂದ ಇಲ್ಲ ಅಂತನೂ ಅಂದ್ಲು. ಎರಡೂ ಮಾತು ನನ್ನ ಕಿವಿಗೆ ಬಿದ್ದುವು, ತಲಿಗೆ ಹೋಗ್ಲಿಲ್ಲ.

ಆ ಎಂಟು ದಿನದಾಗ ನಾ ಮನಿ ಖಾಲಿ ಮಾಡಿದೆ. ಸಿದ್ಧೇಶ್ವರ ಗುಡಿ ಕಡೆ ಗುಜರಿ ಅಂಗಡಿ ಇಟ್ಟಿರೋ ಚಾಚಾ ಟ್ರಂಕು, ಬೀಸುಕಲ್ಲು ಗಾಡಿಗೆ ಹೇರಿಸಿಕೊಂಡ್ರು. ಟ್ರಂಕು ಎತ್ತೂ ಮುಂದ, ಅಮ್ಮಾರ್ನ ಒಂದು ಮಾತು ಕೇಳೀರೇನ್ರಿ ಅಂದ್ರು. ಕೇಳೂದೇನೈತ್ರಿ ಅಂದೆ. ಜ್ವಾಳದ ಚೀಲ ಅಟ್ಟಕ್ಕ ಹ್ವಾದ್ವು. ಮಷೀನು ಬಬಲೇಶ್ವರದಾಗ ಹೊಸದಾಗಿ ಹೊಲಿಗಿ ಕಲ್ತ ಒಬ್ಬ ಹೆಣ್ಣಮಗಳಿಗೆ ಪುಗಸಟ್ಟೆ ಕೊಟ್ಟೆ. ಕಡೀಕ ಅವ್ವನ ಹೊರಸು ಎಳದು ಎದುರಿನ ಖಿಡಕಿ ಬುಡಕ ಹಾಕಿದೆ. ತಲಿದಿಂಬು ಇದ್ದ ದಿಕ್ಕಿಗೆ ಕಾಲು ಬಂತು, ಕಾಲಿನ ದಿಕ್ಕಿಗೆ ತಲಿದಿಂಬು. ಫರ್ಸಿ ಮೂರು ಸಲ ಒರಿಸಿ, ನಟ್ಟನಡುವ ಕುಂತು ಚಾ ಕುಡದೆ. ಸುಳ್ಳ್ಯಾಕ ಹೇಳ್ಲಿ, ಖರೇನ ಹಗುರ ಅನಸ್ತು.

ಶುಕ್ರವಾರ ಸಂಜಿಕೆ ಅಕ್ಕ ಅವ್ವನ್ನ ಆಟೋದಾಗ ಕರಕೊಂಡು ಬಂದು, ಬಸ್ಸಿಗೆ ಹೊತ್ತಾತು ಅಂತ ಬಾಗಲದಾಗಿಂದನ ಹೊಳ್ಳಿದ್ಲು. ನಾ ಅವ್ವನ ಕೈ ಹಿಡದು ಒಳಗ ಕರಕೊಂಡೆ. ಈಗ ಬೈತಾಳ ಅಂತ ಇಪ್ಪತ್ತು ಮಾತು ಜೋಡಿಸಿ ಇಟ್ಕೊಂಡಿದ್ದೆ. ಆಕಿ ಬೈಲಿಲ್ಲ. ಎರಡು ಹೆಜ್ಜಿ ಇಟ್ಟು ನಿಂತ್ಲು. ಎಡಗೈ ಮುಂದ ಚಾಚಿದ್ಲು. ಅಲ್ಲಿ ಏನೂ ಇರ್ಲಿಲ್ಲ.

"ಇದ್ಯಾರ ಮನಿಗೆ ಕರಕೊಂಡು ಬಂದಿ ಬೇ?"

ನಾ ನಕ್ಕೆ. ಚಾಷ್ಟಿ ಮಾಡಾಕತ್ತಾಳ ಅಂದ್ಕೊಂಡೆ. ನಿನ್ನ ಮನೀನ, ಕಣ್ಣ ತುಂಬ ನೋಡ್ಕೋ ಅಂದೆ. ಆ ಮಾತು ನೆನಸಿದ್ರ ಈಗ ನಾಲಗಿ ಕಡಕೋಬೇಕು ಅನಸತೈತಿ. ಆಕಿ ನನ್ನ ಕೈ ಬಿಡಲೇ ಇಲ್ಲ; ಪ್ರಯಾಣದ ದಣಿವು ಅಂದ್ಕೊಂಡೆ. ಸಂಜಿಕೊಮ್ಮೆ, ಮುಂಜಾನೊಮ್ಮೆ, ಹೊಸಾ ಮನಿಯಂಗ ಆಗೇತಿ, ಹಿತ್ತಲತನಕ ನೀನೂ ಬಾ ಅಂದ್ಲು. ಸಣ್ಣ ಹುಡುಗಿಯಂಗ ಮಾಡ್ತಿಯಲ್ಲಬೇ ಅಂತ ಗೊಣಗಿಕೋತ ಹೋದೆ.

ಶನಿವಾರ ಮುಂಜಾನಿ ಸಾಲಿ. ಹನ್ನೆರಡಕ್ಕ ಮನಿಗೆ ಬಂದ್ರ ಮುಂದಿನ ಬಾಗಲ ಪೂರಾ ತಗದಿತ್ತು. ಪಡಸಾಲಿ ಒಂದ ನೋಟಕ್ಕ ಪೂರಾ ಕಂಡ್ತು, ಹಂಗ ಮಾಡಿಟ್ಟಿದ್ದೆನಲ್ಲ. ಅವ್ವ ಇರ್ಲಿಲ್ಲ. ನೀರಿನ ಚರಿಗಿ ಉರುಳಿ ಬಿದ್ದಿತ್ತು. ಗ್ವಾಡಿಗೆ ಹಾಕಿದ್ದ ಕ್ಯಾಲೆಂಡರು ನೆಲದ ಮ್ಯಾಗ, ಅಪ್ಪನ ಫೋಟೋ ವಾರಿ. ಯಾರೋ ಆ ತುದಿಯಿಂದ ಈ ತುದಿತನಕ ಗ್ವಾಡಿ ತಡಕ್ಯಾಡಿದಂಗ ಇತ್ತು. ಮದಲ ಕಳ್ಳ ಹೊಕ್ಕಾನ ಅಂದ್ಕೊಂಡೆ. ಕಳ್ಳಗ ಒಯ್ಯಾಕ ಏನು ಉಳಿಸಿದ್ದೆ ನಾ? ಆಮ್ಯಾಲೆ ಬಾಗಲ ಬಾಜೂಕ ಅವ್ವನ ಚಪ್ಪಲಿ ಕಂಡ್ವು.

ಸಂಡಾಸ ನೋಡಿದೆ, ಅಡಗಿಮನಿ ನೋಡಿದೆ, ಮಾಳಗಿ ಹತ್ತಿ ಇಳದೆ. ಹಿತ್ತಲದಾಗ ನೆಲದೊಳಗಿನ ನೀರಿನ ಟಾಕಿ ಐತಿ. ಅದರ ಮುಚ್ಚಳ ಮುಚ್ಚೇ ಇತ್ತು. ಆದ್ರೂ ತಗದೆ. ಮಣಕಾಲೂರಿ, ಒಳಗಿನ ಕಪ್ಪು ನೀರಿನ್ಯಾಗ ಕೈ ಹಾಕಿ, ಅವ್ವಾ ಅಂತ ಕರದೆ. ನನ್ನ ದನಿ ನನಗ ಹೊಳ್ಳಿ ಬಂತು. ಆ ಗಳಿಗಿಯೊಳಗ ನನಗ ಆದ ಅಂಜಿಕಿ ಹೆಂಗ ಹೇಳಬೇಕೋ ಗೊತ್ತಿಲ್ಲ. ಎದ್ದು ಓಣಿಗೆ ಓಡಿದೆ.

ಬಾಜೂ ಮನಿಯವರು ನೋಡಿಲ್ರಿ ಅಂದ್ರು. ಬಿಸಲಿಗೆ ಓಣಿ ಪೂರಾ ಬಾಗಲ ಹಾಕ್ಕೊಂಡಿತ್ತು. ಮದಲ ದೊಡ್ಡ ರಸ್ತೇದ ಕಡೆ ಓಡಿದೆ. ಆಟೋ, ಗಾಡಿ ನಡುವ ಹುಡುಕಿದೆ. ಅಲ್ಲಿ ಇರ್ಲಿಲ್ಲ. ಹೊಳ್ಳಿ ಇನ್ನೊಂದು ದಿಕ್ಕಿಗೆ ಬಂದೆ. ಆ ಕಡೆ ಐದು ಮನಿ ಕಂಪೌಂಡು ಒಂದಕ್ಕೊಂದು ಹತ್ತಿ ಅದಾವ. ಐದನೇದು ಮುಗದ ಮ್ಯಾಗ ಒಂದು ಖಾಲಿ ಸೈಟು, ಮನಿ ಕಟ್ಟಾಕ ಪಾಯಾ ತೋಡಿದ್ರು. ಆಳೆತ್ತರ ತಗ್ಗು.

ಅವ್ವ ಆ ಕಂಪೌಂಡಿನ ತುದಿಗೆ ಕುಂತಿದ್ಲು. ಬರಿಗಾಲು. ಒಂದು ಕೈ ಗ್ವಾಡಿಗೆ ಹಚ್ಚಿದ್ಲು, ಸೀರಿ ತೊಯ್ದಿತ್ತು. ತಗ್ಗು ಆಕಿ ಕಾಲಿನಿಂದ ಎರಡು ಮಾರು ದೂರ ಸುದ್ದಾ ಇರ್ಲಿಲ್ಲ. ನಾ ಕರಿಯಾಕ ಅಂಜಿದೆ. ನನ್ನ ದನಿ ಕೇಳಿ ಎದ್ದು ನಿಂತ್ರ ಏನು ಗತಿ? ಸದ್ದಿಲ್ಲದ ಹೋಗಿ ಭುಜ ಗಟ್ಟಿ ಹಿಡದೆ. ಯಾರು ಅಂತ ನನ್ನ ಕೈ ತಡಕಿದ್ಲು. ನಾನಬೇ ಅಂದೆ.

"ಗ್ವಾಡಿ ಮುಗದು ಹ್ವಾತು," ಅಂದ್ಲು ಅವ್ವ. "ಅದಕ್ಕ ಕುಂತೆ."

ಮನಿಗೆ ತಂದು, ಮೈ ತೊಳದು, ಸುಟ್ಟ ಅಂಗಾಲಿಗೆ ಎಣ್ಣಿ ಹಚ್ಚೂ ಮುಂದ ಆಕಿ ಎಲ್ಲಾ ಹೇಳಿದ್ಲು. ಸಂಡಾಸಕ್ಕ ಅಂತ ಎದ್ದಿದ್ಲಂತ. ಯಾವಾಗಿನಂಗ ಹೊರಸಿನ ಎಡಕ್ಕ ಇಳದಾಳ. ಹೊರಸು ತಿರುವಿಟ್ಟಾಕಿ ನಾನು. ಟ್ರಂಕು ಸಿಗಲಿಲ್ಲ, ಚೀಲ ಸಿಗಲಿಲ್ಲ. ಗ್ವಾಡಿ ಹಿಡದು ಬಾಗಲ ಹುಡುಕ್ಯಾಳ, ಸಿಕ್ಕ ಬಾಗಲ ಹಿತ್ತಲದ್ದು ಅಂತ ದಾಟ್ಯಾಳ. ಹೊರಗ ಬಂದಾಗ ತಪ್ಪು ಗೊತ್ತಾಗೇತಿ, ಹೊಳ್ಳಿ ಬರಾಕ ಗೊತ್ತಾಗಿಲ್ಲ. ಎರಡು ವರ್ಷದಿಂದ ಆಕಿಗೆ ಎಡಗಣ್ಣು ಪೂರಾ ಹೋಗೇತಿ, ಬಲಗಣ್ಣಿನ್ಯಾಗ ಬೆಳಕು ಬಂದದ್ದು ಹೋದದ್ದು ಅಷ್ಟ ತಿಳೀತೈತಿ. ಒಂದ ಮನ್ಯಾಗ ಇದ್ದು ನಿನಗ ಗೊತ್ತಾಗ್ಲಿಲ್ಲೇನು ಅಂತ ನೀವು ನನ್ನ ಮಾರಿಗೆ ಉಗುಳಬಹುದು. ಆಕಿ ರೊಟ್ಟಿ ಬಡೀತಿದ್ಲು, ಚಾ ಕಾಸ್ತಿದ್ಲು. ಗುಡಿಗೆ ಹೋಗೂದು ಬಿಟ್ಟಾಗ ಮಣಕಾಲು ಬ್ಯಾನಿ ಅಂದ್ಲು, ನಾ ಎಣ್ಣಿ ತಂದು ಕೊಟ್ಟೆ. ಒಂದು ವರ್ಷ ಮುಟ್ಟಲಾರದ ಸಾಮಾನು ಅಂತ ನಾ ಹೊರಗ ಹಾಕಿದ್ದನ್ನೆಲ್ಲಾ ಆಕಿ ದಿನಕ್ಕ ಹತ್ತು ಸಲ ಮುಟ್ಟತಿದ್ಲು.

ಯಾಕ ಹೇಳ್ಲಿಲ್ಲಬೇ ಅಂತ ಸಿಟ್ಟಿಲೆ ಕೇಳಿದೆ. ಅಂಜಿಕಿ ನನಗ ಯಾವಾಗ್ಲೂ ಸಿಟ್ಟಾಗೇ ಹೊರಗ ಬರತೈತಿ. ಕಾಲು ಹಿಂದಕ್ಕ ಎಳಕೊಂಡು ಹೇಳಿದ್ಲು. ಬಿಜ್ಜರಗಿಯೊಳಗ ಆಕಿ ಅತ್ತಿಗೂ ಕಣ್ಣು ಹೋಗಿದ್ದುವಂತ. ಬಿದ್ದು ಗಿದ್ದಾಳು ಅಂತ ಅವ್ವ ಅತ್ತಿನ್ನ ಮೂಲ್ಯಾಗ ಒಂದು ಕೌದಿ ಹಾಸಿ ಕುಂದ್ರಿಸಿದ್ಲು. ಏಳಾಕ ಬಿಡ್ತಿರ್ಲಿಲ್ಲ. ಅತ್ತಿ ಅಲ್ಲೇ ಉಂಡು, ಅಲ್ಲೇ ಮಲಗಿ, ನಾಲ್ಕು ವರ್ಷ ಆ ಮೂಲಿ ಬಿಟ್ಟು ಏಳಲಿಲ್ಲ.

"ನಾನ ಕುಂದ್ರಿಸಿದ್ದೆ," ಅಂದ್ಲು. "ನನ್ನ ನೀ ಹಂಗ ಕುಂದ್ರಸಬ್ಯಾಡ."

ಅಂಗಾಲಿಗೆ ಎಣ್ಣಿ ಹಚ್ಚಿಕೋತ ನಾ ಅದನ್ನ ವಿಚಾರ ಮಾಡಾಕತ್ತಿದ್ದೆ: ನಾಳಿಂದ ಸಾಲಿಗೆ ಹೋಗೂ ಮುಂದ ಹೊರಗಿನ ಕೀಲಿ ಹಾಕ್ಕೊಂಡು ಹೋಗಬೇಕು, ಇಕಿ ಹೊರಸು ಬಿಟ್ಟು ಇಳೀಬಾರದು ಅಂತ.

ಮರುದಿನ ಚಾಚಾನ ಅಂಗಡಿಗೆ ಹೋದೆ. ಟ್ರಂಕು ಇನ್ನೂ ಇತ್ತು, ಅದರ ಮ್ಯಾಗ ತಕ್ಕಡಿ ಇಟ್ಟಿದ್ರು. ವಿಷಯ ಕೇಳಿ, ತಕ್ಕಡಿ ಇಳಿಸಿ, ಬೀಸುಕಲ್ಲು ಸಹಿತ ಮನಿತನಕ ತಂದು, ಎಲ್ಲಿ ಇಡಬೇಕ್ರಿ ಅಂತ ಅವ್ವನ್ನ ಕೇಳಿ ಇಟ್ಟು ಹೋದ್ರು. ಚೀಲ ಅಟ್ಟದಿಂದ ಇಳದುವು, ಹೊರಸು ಮದಲಿನ ಜಾಗಾಕ ಬಂತು. ಉಳಿದದ್ದು ಮಷೀನು. ಬಬಲೇಶ್ವರಕ್ಕ ಹೋದೆ. ಆ ಹೆಣ್ಣಮಗಳು ಬಾಗಲದಾಗ ಮಷೀನು ಹಾಕ್ಕೊಂಡು ಜಂಪರ ಹೊಲಿಯಾಕತ್ತಿದ್ಲು, ಬೆನ್ನ ಹಿಂದ ಹಗ್ಗಕ್ಕ ಹೊಲಿದ ಬಟ್ಟಿ ಸಾಲಾಗಿ ತೂಗ್ತಿದ್ದುವು. ನಿಮ್ಮಿಂದ ನನ್ನ ಮನಿ ನಡದೈತ್ರಿ ಅಕ್ಕಾರ ಅಂದ್ಲು. ಚಾ ಕುಡದು ಎದ್ದು ಬಂದೆ. ಕೇಳಾಕ ಆಗ್ಲಿಲ್ಲ.

ಆ ಜಾಗಾದಾಗ ಒಂದು ಪ್ಲಾಸ್ಟಿಕ್ ಖುರ್ಚಿ ಇಟ್ಟೆ. ಅವ್ವ ಭಾರ ಹಾಕಿದ ಕೂಡ್ಲೆ ಜಾರ್ತು. ನಾ ಹಿಡೀದಿದ್ರ ಬೀಳ್ತಿದ್ಲು. ಒಂದಿನ ನಾನ ಕಣ್ಣು ಮುಚ್ಚಿ ಹೊರಸಿನಿಂದ ನಡದು ನೋಡಿದೆ. ಟ್ರಂಕು, ಚೀಲ, ಚೀಲ, ಆಮ್ಯಾಲೆ ಗಾಳಿ. ಬೀಸುಕಲ್ಲು ಎರಡ ಹೆಜ್ಜಿ ಆಚೆ ಐತಿ ಅಂತ ಗೊತ್ತಿದ್ರೂ ಕಾಲು ಮುಂದ ಹೋಗ್ಲಿಲ್ಲ, ಕಣ್ಣು ತಗದುಬಿಟ್ಟೆ.

ಡಾಕ್ಟರು ಎಡಗಣ್ಣಿನ ಆಸೆ ಬಿಡ್ರಿ ಅಂದಾರ. ಬಲಗಣ್ಣಿನ ಪೊರೆ ತಗದು ನೋಡೂಣು, ಭರವಸಾ ಕೊಡಾಕ ಬರಂಗಿಲ್ಲ ಅಂದಾರ. ನಾ ಸಾಲಿಗೆ ಹೋದಾಗ ಬಾಜೂ ಮನಿಯವರು ಬಂದು ಕುಂದರ್ತಾರ. ನಾ ಇದ್ದಾಗ, ಅವ್ವ ಹೊರಸಿನಿಂದ ಇಳದ ಸಪ್ಪಳ ಕೇಳಿದ್ರ ಮಾಡೂ ಕೆಲಸ ಬಿಟ್ಟು ಹೋಗಿ ಮಷೀನಿದ್ದ ಜಾಗಾದಾಗ ನಿಂದರ್ತೀನಿ. ಚೀಲ ದಾಟಿದ ಆಕಿ ಕೈ ಗಾಳ್ಯಾಗ ಒಂದು ಗಳಿಗಿ ಹುಡುಕತೈತಿ, ನನ್ನ ಭುಜ ಸಿಕ್ಕ ಕೂಡ್ಲೆ ಗಟ್ಟಿ ಹಿಡಕೊಂಡು, ದಾಟಿ ಹೋಗ್ತಾಳ.

ನಾಳೆ ಆಪರೇಷನ್ನು. ಇವತ್ತು ಮುಂಜಾನೆನೂ ನಿಂತಿದ್ದೆ. ಅವ್ವನ ಕೈ ಬಂತು, ಭುಜದ ಮ್ಯಾಗ ಕುಂತ್ತು, ಆದ್ರ ಆಕಿ ಮುಂದ ಹೋಗ್ಲಿಲ್ಲ.

"ಮಷೀನು ಯಾಕ ಹಿಂಗ ನಡಗಾಕತ್ತೈತಿ ಬೇ?" ಅಂದ್ಲು.