ಒಗ್ಗರಣೆಯಿಲ್ಲದ ಸಾರು

ಮುಂಬಯಿ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವಿಸ್ಕಿ ಕಾರ್ಖಾನೆಯಲ್ಲಿ ಹದ ನೋಡುವವರು ಉಡುಪಿ ಕಡೆಯ ವಾಮನರಾಯರು. ಮೂವತ್ತು ವರ್ಷದಿಂದ ಒಂದು ಗುಟುಕೂ ಕುಡಿಯದೆ, ಬರೀ ಮೂಸಿಯೇ ವಿಸ್ಕಿ ಬೆರೆಸುತ್ತಿದ್ದರು. ಆ ಮೂಗು ಕೆಡಬಾರದೆಂದು, ಅವರು ಮನೆಯಿಂದ ಹೊರಟ ಮೇಲೆಯೇ ಹೆಂಡತಿ ಇಂಗಿನ ಒಗ್ಗರಣೆ ಹಾಕುತ್ತಾರಂತೆ. ಕಾರ್ಖಾನೆ ನೋಡಿ ಬಾ ಎಂದು ನನ್ನನ್ನು ಅಲ್ಲಿಗೆ ಕಳಿಸಿದ ಗೆಳೆಯ, "ಘಾಟಿನದ್ದೇನೂ ಒಯ್ಯಬೇಡ" ಎಂದು ಎರಡೆರಡು ಸಲ ಹೇಳಿದ್ದ.

ಪೀಪಾಯಿಗಳನ್ನೆಲ್ಲ ತೋರಿಸಿದ ಮೇಲೆ ರಾಯರು ಮೂರು ಗ್ಲಾಸು ಮುಂದಿಟ್ಟರು. "ಮೊದಲು ನೀವು ಮೂಸಿ ನೋಡಿ. ಎಂಥ ಅನಿಸ್ತದೆ, ಹೇಳಿ."

"ಎರಡನೆಯದರಲ್ಲಿ ಸುಟ್ಟ ಬೆಲ್ಲದ ವಾಸನೆ" ಎಂದೆ. ಅವರು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ಆಗ ನನ್ನ ತಪ್ಪು ನೆನಪಾಯಿತು. ಬರುವಾಗ ದಾದರಿನಲ್ಲಿ ಕೊಂಡ ತಾಜಾ ಕಾಫಿಪುಡಿ ನನ್ನ ಚೀಲದಲ್ಲಿ, ಅವರ ಕಾಲ ಬುಡದಲ್ಲೇ ಘಮಘಮಿಸುತ್ತಿತ್ತು.

"ಕ್ಷಮಿಸಿ ರಾಯರೆ, ಮರೆತು ಕಾಫಿಪುಡಿ ಒಳಗೆ ತಂದುಬಿಟ್ಟೆ."

ರಾಯರು ಚೀಲವನ್ನೆತ್ತಿ ಮೂಗಿಗೆ ಒತ್ತಿಕೊಂಡರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಹೋದ ತಿಂಗಳು ಜ್ವರ ಬಂದು ಹೋಯ್ತು ಮಾರಾಯ್ರೆ. ಅಲ್ಲಿಂದ ಒಂದು ವಾಸನೆಯೂ ಗೊತ್ತಾಗುದಿಲ್ಲ. ಇಲ್ಲಿ ಯಾರಿಗೂ ಹೇಳ್ಬೇಡಿ."

"ಮನೆಯಲ್ಲಿ?"

"ಅವಳಿಗೂ ಹೇಳ್ಲಿಲ್ಲ. ಇವತ್ತು ಬೆಳಿಗ್ಗೆಯೂ ಒಗ್ಗರಣೆಯಿಲ್ಲದ ಸಾರೇ ಬಡಿಸಿದಳು."